ಡಾರ್ಕ್ ಚಾಕಲೇಟ್ ತಿಂದರೆ ಬಿ.ಪಿ. ಗುಳಿಗೆ ಬಿಡಬಹುದೇ?

ಪ್ರಶ್ನೆ: ನನ್ನ ತಂದೆಯವರಿಗೆ 62 ವರ್ಷ. ಕೆಲವು ವರ್ಷಗಳಿಂದ ರಕ್ತದೊತ್ತಡಕ್ಕೆ ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಡಾರ್ಕ್ ಚಾಕಲೇಟ್ ಹೃದಯಕ್ಕೆ ಒಳ್ಳೆಯದೆಂದು ಮೊಬೈಲಿನಲ್ಲಿ ನೋಡಿದಂದಿನಿಂದ ರಾತ್ರಿ ಊಟದ ನಂತರ ಅರ್ಧ ಬಾರ್ ತಿನ್ನುತ್ತಾರೆ, ಗುಳಿಗೆಯನ್ನು ಮಾತ್ರ ದಿನ ಬಿಟ್ಟು ದಿನ ನುಂಗುತ್ತಾರೆ. ಇದು ಸರಿಯೇ?
– ಓದುಗರು, ಸಿಂಧನೂರು

ಉತ್ತರ: ಸರಿಯಲ್ಲ. ದಯವಿಟ್ಟು ಇಂದಿನಿಂದಲೇ ಅವರು ವೈದ್ಯರು ಬರೆದುಕೊಟ್ಟಂತೆ ಗುಳಿಗೆ ತೆಗೆದುಕೊಳ್ಳುವಂತೆ ನೋಡಿಕೊಳ್ಳಿ. ರಕ್ತದೊತ್ತಡ ಏರಿದ್ದು ಬಹುತೇಕರಿಗೆ ಗೊತ್ತೇ ಆಗುವುದಿಲ್ಲ. ಲಕ್ವ ಹೊಡೆದ ಮೇಲೆ ಗೊತ್ತಾದವರನ್ನು ನಮ್ಮ ಭಾಗದ ಎಲ್ಲ ಊರುಗಳಲ್ಲೂ ಕಾಣಬಹುದು. ಕೆಲವು ಬಗೆಯ ಗುಳಿಗೆಗಳನ್ನು ಥಟ್ಟನೆ ಬಿಟ್ಟರೆ ಒತ್ತಡ ಮೊದಲಿಗಿಂತಲೂ ಮೇಲೇರುವುದುಂಟು.

ತಂದೆಯವರು ನೋಡಿದ್ದು ಪೂರ್ತಿ ಸುಳ್ಳೇನೂ ಅಲ್ಲ. ಕೋಕೋ ಬೀಜದಲ್ಲಿ ಫ್ಲೇವನಾಲ್ ಎಂಬ ಅಂಶಗಳಿದ್ದು, ಅವು ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚು ಉತ್ಪತ್ತಿಯಾಗಲು ನೆರವಾಗುತ್ತವೆ. ಇದರಿಂದ ನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ. ಆದರೆ ಎಷ್ಟು ಇಳಿಯುತ್ತದೆ ಎಂಬುದೇ ಮುಖ್ಯ. 35 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧಕರ ಜಾಲದ 2017ರ ಸಮೀಕ್ಷೆಯ ಪ್ರಕಾರ ಸರಾಸರಿ ಇಳಿಕೆ, ಬಿ.ಪಿ. ಅಳೆಯುವ ಪಾದರಸದ ಲೆಕ್ಕದಲ್ಲಿ, 2 ಮಿ.ಮೀ.ಗೂ ಕಡಿಮೆ. ಒಂದು ಸಾಮಾನ್ಯ ಗುಳಿಗೆ ಇದರ ಹಲವು ಪಟ್ಟು ಇಳಿಸುತ್ತದೆ. ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಕಾಸ್ಮಾಸ್ ಅಧ್ಯಯನದಲ್ಲಿ ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಕೊಟ್ಟಾಗ ಹೃದ್ರೋಗದಿಂದಾಗುವ ಸಾವುಗಳು ಕಡಿಮೆಯಾದವು. ಆದರೆ ಹೃದಯಾಘಾತ, ಪಾರ್ಶ್ವವಾಯು ಮೊದಲಾದವೆಲ್ಲ ಸೇರಿದ ಒಟ್ಟು ಲೆಕ್ಕದಲ್ಲಿ ಖಚಿತವೆನ್ನುವಂತಹ ಇಳಿಕೆ ಕಾಣಲಿಲ್ಲ. ಅಲ್ಲಿ ಕೊಟ್ಟದ್ದು ಕೋಕೋ ಸಾರದ ಕ್ಯಾಪ್ಸೂಲ್, ಚಾಕಲೇಟ್ ಅಲ್ಲ.

ಈ ವ್ಯತ್ಯಾಸವನ್ನು ಜಾಹೀರಾತುಗಳು ಹೇಳುವುದಿಲ್ಲ. ಪುತ್ತೂರಿನ ಕಡೆ ಅಡಿಕೆ ತೋಟಗಳಲ್ಲಿ ಬೆಳೆಯುವಂಥ ಕೋಕೋ ಬೀಜವನ್ನು ಹುದುಗಿಸಿ, ಒಣಗಿಸಿ, ಹುರಿಯುವಾಗಲೇ ಫ್ಲೇವನಾಲ್‌ನ ಬಹುಭಾಗ ನಾಶವಾಗುತ್ತದೆ. ಕಹಿ ತಗ್ಗಿಸಲು ಕ್ಷಾರದಿಂದ ಸಂಸ್ಕರಿಸಿದರೆ ಇನ್ನಷ್ಟು ಹೋಗುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಕೋಕೋ ಶೇ. 70 ಎಂದಿದ್ದರೂ ಫ್ಲೇವನಾಲ್ ಎಷ್ಟು ಉಳಿದಿದೆ ಎಂಬುದು ಅದರಿಂದ ತಿಳಿಯದು. ಉಳಿಯುವುದು ಖಚಿತವಾಗಿರುವುದು ಕೊಬ್ಬು ಮತ್ತು ಸಕ್ಕರೆ: ಇಂತಹ 100 ಗ್ರಾಂ ಚಾಕಲೇಟಿನಲ್ಲಿ ಸುಮಾರು 600 ಕ್ಯಾಲೊರಿ, 40 ಗ್ರಾಂಗೂ ಮೇಲ್ಪಟ್ಟು ಕೊಬ್ಬು ಇರುತ್ತದೆ.

ತಂದೆಯವರಿಗೆ ಅದರ ರುಚಿ ಹಿಡಿಸಿದ್ದರೆ ಪೂರ್ತಿ ನಿಲ್ಲಿಸುವ ಅಗತ್ಯವಿಲ್ಲ. ಎರಡು ಸಣ್ಣ ತುಂಡು, ಅಂದರೆ ಸುಮಾರು 20 ಗ್ರಾಂ ಸಾಕು. ಕೆಫೀನ್ ಇರುವುದರಿಂದ ರಾತ್ರಿಗಿಂತ ಹಗಲಿನಲ್ಲಿ ತಿನ್ನುವುದು ಒಳ್ಳೆಯದು. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಸಕ್ಕರೆಯದಾಗಿದ್ದರೆ, ಅಥವಾ ಕೋಕೋ ಬೆಣ್ಣೆಯ ಬದಲು ವನಸ್ಪತಿ ಕೊಬ್ಬು ಇದ್ದರೆ, ಅದನ್ನು ಕೊಳ್ಳಬೇಡಿ. ಒಮ್ಮೆ ಕಿಡ್ನಿಯಲ್ಲಿ ಹರಳು ಆಗಿದ್ದವರು ಮಾತ್ರ ವೈದ್ಯರನ್ನು ಕೇಳದೆ ತಿನ್ನಬಾರದು. ಕೋಕೋದಲ್ಲಿ ಹರಳು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ಅಂಶ ಹೆಚ್ಚು, ಮೇಲಾಗಿ ನಮ್ಮ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದವರಿಗೆ ಹರಳು ಮರುಕಳಿಸುವುದು ಸುಲಭ.

ಪ್ರಶ್ನೆ: 19 ವರ್ಷದ ಮಗಳಿಗೆ ಹಿಮೋಗ್ಲೋಬಿನ್ ಕಡಿಮೆಯಿದೆ. ಡಾರ್ಕ್ ಚಾಕಲೇಟಿನಲ್ಲಿ ಕಬ್ಬಿಣಾಂಶ ಬಹಳ ಎನ್ನುತ್ತಾರೆ. ಕೊಡಬಹುದೇ?
– ಓದುಗರು, ಕೊಪ್ಪಳ

ಉತ್ತರ: ಕಬ್ಬಿಣಾಂಶ ಇರುವುದು ನಿಜ, ಆದರೆ 20 ಗ್ರಾಂ ತಿಂದರೆ ಸಿಗುವುದು 2 ಮಿಲಿಗ್ರಾಂಗಿಂತ ತುಸು ಹೆಚ್ಚು. ಅವಳ ವಯಸ್ಸಿನ ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಅಲ್ಲದೆ ಚಹಾದಂತೆ ಕೋಕೋದಲ್ಲಿರುವ ಅಂಶಗಳು ಕಬ್ಬಿಣ ಮೈಗೂಡುವುದನ್ನು ತಡೆಯುತ್ತವೆ. ನಿಮ್ಮಲ್ಲೇ ಸಿಗುವ ಸಜ್ಜೆ ರೊಟ್ಟಿ, ಕಾಳುಪಲ್ಯ, ಎಳ್ಳು, ಜೊತೆಗೆ ನಿಂಬೆಹಣ್ಣು ಕೊಡಿ. ವೈದ್ಯರು ಕಬ್ಬಿಣದ ಗುಳಿಗೆ ಕೊಟ್ಟಿದ್ದರೆ ಅದಕ್ಕೂ ಚಾಕಲೇಟಿಗೂ ನಡುವೆ ಎರಡು ಗಂಟೆಯಾದರೂ ಅಂತರವಿರಲಿ.