ಹೊಲಿಗೆ ಯಂತ್ರವಿಲ್ಲದೆ ಹಳೆಯ ಸೀರೆಗಳಿಂದ ಮನೆಯಲ್ಲೇ ಕೌದಿ ಹೊಲಿಯಬಹುದೇ?

ಖಂಡಿತ ಹೊಲಿಯಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ, ಅಂದರೆ ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ, ಹುಟ್ಟಿದ್ದೇ ಸೂಜಿ, ದಾರ ಮತ್ತು ಸವೆದ ಬಟ್ಟೆಯಿಂದ.

ಬಟ್ಟೆ ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಹತ್ತಿಯ ಸೀರೆ, ಪಂಚೆ, ಲುಂಗಿ ಸಾಕು. ಪಾಲಿಯೆಸ್ಟರ್ ಬೇಡ: ಪದರಗಳು ಜಾರುತ್ತವೆ, ಬೆವರನ್ನೂ ಹೀರುವುದಿಲ್ಲ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ಬೇರೆಯಾಗಿ ಒಗೆದು ನೋಡಿ. ಒಂದು ಕೆಂಪು ಚೂರು ಇಡೀ ಕೌದಿಯನ್ನು ಕೆಡಿಸಬಲ್ಲದು.

ಮೊದಲ ಸಲ ದೊಡ್ಡ ಹೊದಿಕೆಗೆ ಕೈ ಹಾಕಬೇಡಿ, ಮಗುವಿಗೆ ಹಾಸುವಷ್ಟು, ಸುಮಾರು 3 ಅಡಿಗೆ 4 ಅಡಿ, ಸಾಕು. ಎರಡು ಮೂರು ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಉದ್ದುದ್ದದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಟ್ಟುಕೊಳ್ಳಿ. ಈ ಹಂತವನ್ನು ಬಿಟ್ಟರೆ ಕೆಳಗಿನ ಪದರ ಗಂಟುಗಂಟಾಗುವುದು ಖಚಿತ. ಬಳಿಕ ಬೆರಳಗಲದ ಅಂತರದಲ್ಲಿ ಸಾಲುಸಾಲಾಗಿ ಹೊಲಿಯಿರಿ. ದಾರವನ್ನು ಬಿಗಿಯಾಗಿ ಎಳೆಯಬೇಡಿ. ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದದ ದಾರವಾದರೆ ಸಿಕ್ಕಾಗುವುದಿಲ್ಲ.

ಉತ್ತರ ಕನ್ನಡದಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರ ಕ್ರಮ ನನಗೆ ಹೆಚ್ಚು ಇಷ್ಟ. ಅವರು ಅಂಚಿನಿಂದ ಶುರುಮಾಡಿ, ಚೂರುಗಳನ್ನು ಮಡಚಿ ಇಡುತ್ತಾ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತಾರೆ. ಚೂರು ಜೋಡಿಸುವುದೂ ಪದರ ಹೊಲಿಯುವುದೂ ಒಟ್ಟಿಗೇ ಮುಗಿಯುತ್ತವೆ. ನಾಲ್ಕು ಮೂಲೆಗಳಲ್ಲಿ ಮಡಚಿದ ಬಟ್ಟೆಯ ಪುಟ್ಟ ‘ಫುಲಾ’ ಇಡುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ. ಅಳತೆ ಕರಾರುವಾಕ್ಕಾಗಿರಲೇಬೇಕೆಂಬ ಹಟವಿಲ್ಲದವರಿಗೆ ಈ ವಿಧಾನ ಬಹಳ ಒಗ್ಗುತ್ತದೆ.

ಒಗೆಯುವಾಗ ತಣ್ಣೀರು ಬಳಸಿ. ನೆನೆದ ಕೌದಿ ಭಾರ. ಹಗ್ಗಕ್ಕೆ ನೇತುಹಾಕುವ ಬದಲು ಹರಡಿ ಒಣಗಿಸಿ.