ಚೌಕ ಮ್ಯಾಟ್ರಿಕ್ಸನ್ನು ಇದ್ದ ಜಾಗದಲ್ಲೇ ತಿರುಗಿಸುವಾಗ ಲೂಪಿನ ಮಿತಿಗಳು

ನಮಸ್ಕಾರ. 1ರಿಂದ 9ರವರೆಗಿನ ಅಂಕಿಗಳಿರುವ 3×3 ಮ್ಯಾಟ್ರಿಕ್ಸನ್ನು ಇನ್ನೊಂದು ಮ್ಯಾಟ್ರಿಕ್ಸಿನ ನೆರವಿಲ್ಲದೆ ಬಲಕ್ಕೆ 90 ಡಿಗ್ರಿ ತಿರುಗಿಸಲು ಹೋದರೆ, ಮೊದಲ ಸಾಲು 7, 4, 1 ಆಗುವ ಬದಲು 3, 2, 1 ಏಕೆ ಆಗುತ್ತಿದೆ ಎಂದು ಕೇಳಿದ್ದೀರಿ. ಮೊದಲು ಟ್ರಾನ್ಸ್‌ಪೋಸ್ (ಅಡ್ಡಸಾಲುಗಳನ್ನು ಕಂಬಸಾಲುಗಳಾಗಿಸುವುದು), ಆಮೇಲೆ ಪ್ರತಿ ಅಡ್ಡಸಾಲಿನ ರಿವರ್ಸ್ (ಹಿಂದುಮುಂದಾಗಿಸುವುದು) ಎಂಬ ನಿಮ್ಮ ವಿಧಾನ ಸರಿಯಾಗಿಯೇ ಇದೆ. ದೋಷವಿರುವುದು ಟ್ರಾನ್ಸ್‌ಪೋಸ್‌ನ ಒಳಲೂಪಿನಲ್ಲಿ ಮಾತ್ರ. ಅಲ್ಲಿ ಜೆ (ಕಂಬಸಾಲಿನ ಸಂಖ್ಯೆ, ಎಣಿಕೆ 0ಯಿಂದ) 0ಯಿಂದ ಆರಂಭವಾಗುತ್ತಿರುವುದರಿಂದ, ಐ (ಅಡ್ಡಸಾಲಿನ ಸಂಖ್ಯೆ) 0, ಜೆ 1 ಇದ್ದಾಗ ಅದಲುಬದಲಾದ 2 ಮತ್ತು 4, ಮುಂದೆ ಐ 1, ಜೆ 0 ಆದಾಗ ಮತ್ತೊಮ್ಮೆ ಅದಲುಬದಲಾಗಿ ಮೊದಲಿನ ಸ್ಥಾನಕ್ಕೇ ಮರಳುತ್ತವೆ. ಟ್ರಾನ್ಸ್‌ಪೋಸ್ ಪೂರ್ತಿಯಾಗಿ ರದ್ದಾಗಿ, ರಿವರ್ಸ್‌ನ ಪರಿಣಾಮವಷ್ಟೇ ಉಳಿಯುತ್ತದೆ. ಜೆಯನ್ನು ಐ+1ರಿಂದ ಆರಂಭಿಸಿ. ಕರ್ಣದ ಮೇಲ್ಭಾಗದ ಜೋಡಿಗಳನ್ನು ಒಂದೊಂದು ಸಲ ಮುಟ್ಟಿದರೆ ಸಾಕು.

ಲೂಪ್ ಬರೆಯುವ ಮೊದಲು ಯಾವ ಅಂಕಿ ಎಲ್ಲಿಗೆ ಹೋಗಬೇಕೆಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಬಲಕ್ಕೆ ತಿರುಗಿಸುವಾಗ (ಐ, ಜೆ) ಸ್ಥಾನದಲ್ಲಿರುವುದು (ಜೆ, ಎನ್−1−ಐ) ಸ್ಥಾನಕ್ಕೆ ಹೋಗಬೇಕು; ಎನ್ ಎಂದರೆ ಅಡ್ಡಸಾಲುಗಳ ಒಟ್ಟು ಸಂಖ್ಯೆ. ಟ್ರಾನ್ಸ್‌ಪೋಸ್ ಅದನ್ನು (ಜೆ, ಐ)ಗೆ ಒಯ್ಯುತ್ತದೆ, ರಿವರ್ಸ್ ಅಲ್ಲಿಂದ (ಜೆ, ಎನ್−1−ಐ)ಗೆ ತಲುಪಿಸುತ್ತದೆ. ಇದೇ ಎರಡು ಹೆಜ್ಜೆಗಳ ಕ್ರಮವನ್ನು ಬದಲಿಸಿದರೆ ಅಂಕಿ (ಎನ್−1−ಜೆ, ಐ)ಗೆ ಹೋಗಿ, ಮ್ಯಾಟ್ರಿಕ್ಸ್ ಎಡಕ್ಕೆ ತಿರುಗುತ್ತದೆ.

ನಾಲ್ಕು ನಾಲ್ಕು ಅಂಕಿಗಳನ್ನು ಒಟ್ಟಿಗೆ ಸುತ್ತಿಸುವ ಇನ್ನೊಂದು ವಿಧಾನವೂ ಇದೆ. (ಐ, ಜೆ)ಯಲ್ಲಿರುವುದನ್ನು ಒಂದು ತಾತ್ಕಾಲಿಕ ವೇರಿಯೇಬಲ್‌ನಲ್ಲಿ ಇಟ್ಟುಕೊಂಡು, ಆ ಜಾಗಕ್ಕೆ (ಎನ್−1−ಜೆ, ಐ)ಯಲ್ಲಿರುವುದನ್ನು, ಅದರ ಜಾಗಕ್ಕೆ (ಎನ್−1−ಐ, ಎನ್−1−ಜೆ)ಯಲ್ಲಿರುವುದನ್ನು, ಅದರ ಜಾಗಕ್ಕೆ (ಜೆ, ಎನ್−1−ಐ)ಯಲ್ಲಿರುವುದನ್ನು ತಂದು, ಕೊನೆಯ ಖಾಲಿ ಜಾಗಕ್ಕೆ ತಾತ್ಕಾಲಿಕ ಮೌಲ್ಯವನ್ನು ಹಾಕಬೇಕು. ಇಲ್ಲಿ ಮಿತಿಗಳ ಬಗ್ಗೆ ಹೆಚ್ಚು ಎಚ್ಚರ ಬೇಕು: ಐ ಎನ್/2ಕ್ಕಿಂತಲೂ, ಜೆ (ಎನ್+1)/2ಕ್ಕಿಂತಲೂ ಕಡಿಮೆ ಇರಬೇಕು, ಎರಡೂ ಭಾಗಾಕಾರಗಳಲ್ಲಿ ಶೇಷವನ್ನು ಬಿಡಬೇಕು. 3×3ರಲ್ಲಿ ಎರಡಕ್ಕೂ ಚಿಕ್ಕ ಮಿತಿಯನ್ನೇ ಕೊಟ್ಟರೆ ಮೂಲೆಗಳಷ್ಟೇ ತಿರುಗಿ, 2, 4, 6, 8 ಕದಲುವುದಿಲ್ಲ. ಎರಡಕ್ಕೂ ದೊಡ್ಡದನ್ನು ಕೊಟ್ಟರೆ ಅದೇ ನಾಲ್ಕು ಅಂಕಿಗಳು ಎರಡು ಬಾರಿ ಸುತ್ತುತ್ತವೆ. ಎರಡೂ ವಿಧಾನಗಳಿಗೆ ತಗಲುವ ಸಮಯ ಎನ್‌ನ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ಹೆಚ್ಚುವರಿ ಜಾಗ ಸ್ಥಿರವಾಗಿರುತ್ತದೆ. ಓದಲು ಸುಲಭವೆಂಬ ಕಾರಣಕ್ಕೆ ನಾನು ನಿಮ್ಮ ವಿಧಾನವನ್ನೇ ಆರಿಸಿಕೊಳ್ಳುತ್ತೇನೆ.

ಪೈಥಾನ್‌ನಲ್ಲಿ ಬರೆಯುತ್ತಿರುವುದರಿಂದ ಇನ್ನೊಂದು ಮಾತು: ಫಂಕ್ಷನ್‌ನೊಳಗೆ ಹೊಸ ಲಿಸ್ಟ್ ರಚಿಸಿ ಅದನ್ನು ಮ್ಯಾಟ್ರಿಕ್ಸಿನ ಹೆಸರಿಗೇ ಕೊಟ್ಟರೆ, ಕರೆದವರ ಬಳಿಯಿರುವ ಮ್ಯಾಟ್ರಿಕ್ಸ್ ಬದಲಾಗುವುದಿಲ್ಲ.

ನಾಲ್ಕು ಬಾರಿ ತಿರುಗಿಸಿ ಮೂಲ ಮ್ಯಾಟ್ರಿಕ್ಸ್ ಮರಳಿತೇ ಎಂದು ನೋಡುವ ಪರೀಕ್ಷೆಯೊಂದನ್ನೇ ನಂಬಬೇಡಿ. ರಿವರ್ಸ್ ಮಾತ್ರ ಮಾಡುತ್ತಿರುವ ನಿಮ್ಮ ಈಗಿನ ಕೋಡ್ ಕೂಡ ಅದರಲ್ಲಿ ತೇರ್ಗಡೆಯಾಗುತ್ತದೆ. ಎಲ್ಲ ಅಂಕಿಗಳೂ ಬೇರೆ ಬೇರೆಯಾಗಿರುವ 3×3 ಮತ್ತು 4×4 ಮ್ಯಾಟ್ರಿಕ್ಸ್‌ಗಳನ್ನು ಒಂದೇ ಬಾರಿ ತಿರುಗಿಸಿ, ಬಂದ ಉತ್ತರವನ್ನು ಕೈಯಲ್ಲಿ ಬರೆದ ಉತ್ತರದೊಂದಿಗೆ ಹೋಲಿಸಿ ನೋಡಿ.