ಮಣ್ಣಿನಲ್ಲಿ ಸಾರಜನಕ ಎಲ್ಲಿದೆ ಅಂತ ಬೇರಿಗೆ ಹೇಗೆ ಗೊತ್ತಾಗುತ್ತದೆ?

ಬೇರು ದೂರದಿಂದಲೇ ವಾಸನೆ ಹಿಡಿದು ಅತ್ತ ತಿರುಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಹೆಚ್ಚಾಗಿ ಹಾಗಲ್ಲ. ಅದು ಸುಮ್ನೆ ಎಲ್ಲ ಕಡೆ ಹರಡುತ್ತದೆ, ನೈಟ್ರೇಟ್ (ಬೇರು ಹೀರಿಕೊಳ್ಳುವ ಸಾರಜನಕದ ಒಂದು ರೂಪ) ಸಿಕ್ಕಿದ ಜಾಗದಲ್ಲಿ ಜಾಸ್ತಿ ಕವಲೊಡೆಯುತ್ತದೆ.

1970ರ ದಶಕದಲ್ಲಿ ಬಾರ್ಲಿ ಗಿಡದ ಮೇಲೆ ಒಂದು ಪ್ರಯೋಗ ನಡೆಯಿತು. ಬೇರಿನ ನಡುಭಾಗಕ್ಕೆ ಮಾತ್ರ ಹೆಚ್ಚು ನೈಟ್ರೇಟ್ ಕೊಟ್ಟರು. ಅಷ್ಟು ಜಾಗದಲ್ಲಿ ಪಕ್ಕಕ್ಕೆ ಕವಲೊಡೆಯುವ ಬೇರುಗಳು ಬ್ರಷ್ಷಿನ ಹಾಗೆ ದಟ್ಟವಾಗಿ ಬೆಳೆದವು. ಅದರ ಮೇಲೂ ಕೆಳಗೂ ತೀರಾ ವಿರಳ.

ಪತ್ತೆ ಹಚ್ಚುವ ಕೆಲಸದಲ್ಲಿ ಮುಖ್ಯವಾದದ್ದು ಬೇರಿನ ಜೀವಕೋಶಗಳ ಪೊರೆಯಲ್ಲಿರುವ ಎನ್‌ಆರ್‌ಟಿ1.1 ಎಂಬ ಪ್ರೋಟೀನ್. ಇದು ನೈಟ್ರೇಟನ್ನು ಒಳಗೆ ಸಾಗಿಸುತ್ತದೆ, ಎಷ್ಟಿದೆ ಅಂತಲೂ ಗ್ರಹಿಸುತ್ತದೆ. ನೈಟ್ರೇಟ್ ಕಡಿಮೆಯಿದ್ದರೆ, ಆಗಷ್ಟೇ ಮೂಡುತ್ತಿರುವ ಪಕ್ಕದ ಬೇರಿನ ತುದಿಯಿಂದ ಆಕ್ಸಿನ್ ಎಂಬ ಹಾರ್ಮೋನನ್ನು ಇದೇ ಪ್ರೋಟೀನ್ ಸಾಗಹಾಕುತ್ತದೆ. ಆಕ್ಸಿನ್ ಇಲ್ಲದೆ ಆ ಬೇರಿನ ಬೆಳವಣಿಗೆ ಕುಂಟುತ್ತದೆ. ನೈಟ್ರೇಟ್ ಬಂತೋ, ಆಕ್ಸಿನ್ ಅಲ್ಲೇ ಉಳಿಯುತ್ತದೆ, ಬೇರು ಬೆಳೆಯತೊಡಗುತ್ತದೆ.

ನನಗೆ ಇದಕ್ಕಿಂತ ಅಚ್ಚರಿ ಅನಿಸುವುದು ಎಲೆಗಳ ಪಾಲು. ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ, ಸಾರಜನಕ ಸಿಗದ ಬೇರು ಸಿಇಪಿ ಎಂಬ ಪೆಪ್ಟೈಡನ್ನು (ಪ್ರೋಟೀನಿನಂಥದ್ದೇ ಪುಟ್ಟ ಅಣು) ಮೇಲಕ್ಕೆ ಕಳಿಸುತ್ತದೆ. ಎಲೆಯಿಂದ ಮರುಸಂದೇಶ ಇಳಿಯುತ್ತದೆ. ಆಗ ನೈಟ್ರೇಟ್ ಇರುವ ಕಡೆಯ ಬೇರುಗಳು ಇನ್ನೂ ಜೋರಾಗಿ ಹೀರತೊಡಗುತ್ತವೆ.